ವಿಂಡೋಸ್ ಬಿಡಲು ಹೊರಟ ಸರ್ಕಾರಿ ಕಚೇರಿಗೆ: ಐದು ದಾರಿಗಳ ಹೋಲಿಕೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ತಿದ್ದುಪಡಿಗಳ ಪೂರೈಕೆ, ಮುಗಿಯಿತು. ಅದರ ಜಾಗದಲ್ಲಿ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು, ಇಂಟೆಲ್‌ನ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರೂ ಬೇಕು. ಹೀಗಾಗಿ 2016ರಲ್ಲಿ ಟೆಂಡರ್ ಕರೆದು ಕೊಂಡ, ಇವತ್ತಿಗೂ ತಕರಾರಿಲ್ಲದೆ ಓಡುತ್ತಿರುವ ಕಂಪ್ಯೂಟರುಗಳು ಬರೀ ಒಂದು ದಿನಾಂಕದ ಕಾರಣಕ್ಕೆ ಗುಜರಿಯ ಪಟ್ಟಿಗೆ ಸೇರುತ್ತವೆ. ಸರ್ಕಾರಿ ಕಚೇರಿಗಳಲ್ಲಿ ಲಿನಕ್ಸ್ ಎಂಬ ಬದಲಿ ಆಪರೇಟಿಂಗ್ ಸಿಸ್ಟಂನ ಮಾತು ಏಳುವುದು ಸಾಮಾನ್ಯವಾಗಿ ಇಂಥ ದಿನಾಂಕಗಳ ಸುತ್ತಲೇ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್ ಕಡೆಗೆ ತಿರುಗಿದ್ದು ವಿಂಡೋಸ್ ಎನ್‌ಟಿ 4ರ ಬೆಂಬಲ ಮುಗಿಯುತ್ತಿದ್ದಾಗ. ಫ್ರಾನ್ಸಿನ ಜಾಂದಾರ್ಮರಿ ಎಂಬ ಪೊಲೀಸ್ ಪಡೆ 2008ರಲ್ಲಿ ತಿರುಗಿದ್ದು ಎಕ್ಸ್‌ಪಿಯಿಂದ ವಿಸ್ಟಾಕ್ಕೆ ಹೋಗಬೇಕಾದ ಸಂದರ್ಭ ಬಂದಾಗ.

ಇಲಾಖೆಯ ಕಂಪ್ಯೂಟರ್ ವಿಭಾಗ, ನಗರಸಭೆ, ವಿಶ್ವವಿದ್ಯಾಲಯದ ಆಡಳಿತ ಕಚೇರಿ, ಶಾಲೆಯ ಲ್ಯಾಬ್, ಹೀಗೆ ಯಾವುದಾದರೊಂದು ಕಡೆ ಈ ನಿರ್ಧಾರದ ಟಿಪ್ಪಣಿ ಬರೆಯಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸರ್ವರ್‌ಗಳ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ; ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟರೆ ಬೇರೊಂದಿಲ್ಲ, ಆ ಜಗಳ ಮುಗಿದಿದೆ. ಮುಗಿಯದೆ ಉಳಿದಿರುವುದು ಗುಮಾಸ್ತರ ಮೇಜಿನ ಮೇಲಿನ ಕಂಪ್ಯೂಟರಿನ ಪ್ರಶ್ನೆ.

ಅಲ್ಲಿ ಮುಂದಿರುವ ದಾರಿಗಳು ಐದು. ಒಂದು, ಹಣ ಕೊಟ್ಟು ವಿಂಡೋಸ್‌ನಲ್ಲೇ ಮುಂದುವರಿಯುವುದು. ಎರಡು, ವಿಂಡೋಸನ್ನು ಹಾಗೆಯೇ ಇಟ್ಟು ಅದರ ಮೇಲಿನ ತಂತ್ರಾಂಶಗಳನ್ನು ಮಾತ್ರ ಬದಲಿಸುವುದು, ಅಂದರೆ ಎಂಎಸ್ ಆಫೀಸ್ ಬದಲು ಲಿಬ್ರೆ ಆಫೀಸ್, ಔಟ್‌ಲುಕ್ ಬದಲು ಥಂಡರ್‌ಬರ್ಡ್. ಮೂರು, ಉಬುಂಟು ಅಥವಾ ಡೆಬಿಯನ್‌ನಂಥ ಸಿದ್ಧ ಲಿನಕ್ಸನ್ನು ಹೆಚ್ಚು ತಿದ್ದದೆ ಹಾಕಿಕೊಳ್ಳುವುದು. ನಾಲ್ಕು, ರೆಡ್ ಹ್ಯಾಟ್, ಸೂಸೆಯಂಥ ಕಂಪನಿಯಿಂದ ಬೆಂಬಲದ ಒಪ್ಪಂದ ಸಮೇತ ಲಿನಕ್ಸ್ ಪಡೆಯುವುದು. ಐದು, ಸರ್ಕಾರವೇ ತನ್ನ ಹೆಸರಿನಲ್ಲಿ ಒಂದು ಡಿಸ್ಟ್ರೋ, ಅಂದರೆ ತಂತ್ರಾಂಶಗಳನ್ನು ಸೇರಿಸಿ ಸಿದ್ಧಪಡಿಸಿದ ಲಿನಕ್ಸ್ ಆವೃತ್ತಿ, ಕಟ್ಟುವುದು. ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿಡುವುದನ್ನು ಕೆಲವರು ಆರನೆಯ ದಾರಿ ಎನ್ನುತ್ತಾರೆ, ನಾನು ಎನ್ನುವುದಿಲ್ಲ. ಎರಡು ಬಾಗಿಲಿರುವ ಮನೆಯಲ್ಲಿ ಜನ ರೂಢಿಯಾದ ಬಾಗಿಲಿನಿಂದಲೇ ಓಡಾಡುತ್ತಾರೆ, ಇನ್ನೊಂದಕ್ಕೆ ಜೇಡ ಬಲೆ ಕಟ್ಟುತ್ತದೆ.

ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳುವವರು ಆಪರೇಟಿಂಗ್ ಸಿಸ್ಟಂನಿಂದಲೇ ಲೆಕ್ಕ ಶುರು ಮಾಡುತ್ತಾರೆ. ಕೆಲಸದ ಕ್ರಮ ಅದಕ್ಕೆ ತಿರುಗಾಮುರುಗಾ ಇರಬೇಕು. ಮೊದಲು ಕಡತಗಳ ರೂಪ, ಆಮೇಲೆ ತಂತ್ರಾಂಶ, ಆಮೇಲೆ ಸಾಧನಗಳು. ಇವೆಲ್ಲ ಒಂದು ಹದಕ್ಕೆ ಬಂದ ಮೇಲೆ ಆಪರೇಟಿಂಗ್ ಸಿಸ್ಟಂ ಬದಲಿಸುವುದು ವಾರಾಂತ್ಯದ ಕೆಲಸ. ಹಾಗೆ ಬಾರದಿದ್ದರೆ ಅದು ಹತ್ತು ವರ್ಷದ ಕೆಲಸ.

ಮ್ಯೂನಿಕ್ ಮತ್ತು ಜಾಂದಾರ್ಮರಿ

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಉಳಿದ ಅರ್ಧ ಹೋಲಿಕೆ ತಾನಾಗಿಯೇ ಮುಗಿಯುತ್ತದೆ.

ಮ್ಯೂನಿಕ್‌ನ ಯೋಜನೆಯ ಹೆಸರು ಲಿಮಕ್ಸ್. 2003ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಖುದ್ದಾಗಿ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆಯವರನ್ನು ಕಂಡರೂ, ಬೆಲೆ ಇಳಿಸುವ ಮಾತಾಡಿದರೂ ನಗರಾಡಳಿತ ಲಿನಕ್ಸನ್ನೇ ಆರಿಸಿತು. ಮೊದಲ ಕಂಪ್ಯೂಟರುಗಳು ಬದಲಾದದ್ದು 2006ರಲ್ಲಿ. 2013ರ ಹೊತ್ತಿಗೆ ಸುಮಾರು 15,500 ಕಂಪ್ಯೂಟರುಗಳ ಪೈಕಿ 14,800ರಷ್ಟು ಲಿಮಕ್ಸ್‌ಗೆ ಬಂದಿದ್ದವು, 1 ಕೋಟಿ ಯೂರೋಗೂ ಹೆಚ್ಚು ಉಳಿಸಿದ್ದೇವೆಂದು ನಗರಾಡಳಿತ ಹೇಳಿಕೊಂಡಿತ್ತು. ಇಷ್ಟು ಕಾಲ ಹಿಡಿದದ್ದಕ್ಕೆ ಲಿನಕ್ಸ್ ಕಾರಣವಲ್ಲ. ನಗರದ ಬೇರೆ ಬೇರೆ ಇಲಾಖೆಗಳು ತಮ್ಮ ತಮ್ಮ ಕಂಪ್ಯೂಟರ್ ವಿಭಾಗಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದವು, ಒಂದೊಂದು ವಿಭಾಗದಲ್ಲೂ ಯಾರೋ ಎಂದೋ ಬರೆದ ವರ್ಡ್ ಮ್ಯಾಕ್ರೋಗಳು (ಕೆಲಸವನ್ನು ತಾವೇ ಮಾಡುವ ಚಿಕ್ಕ ಪ್ರೋಗ್ರಾಂಗಳು), ಪತ್ರದ ಮಾದರಿಗಳು ಸಾವಿರಗಟ್ಟಲೆ ಬಿದ್ದಿದ್ದವು. ಇವನ್ನೆಲ್ಲ ಒಂದು ಅಚ್ಚಿಗೆ ತರಲು ವೋಲ್‌ಮಕ್ಸ್ ಎಂಬ ತಂತ್ರಾಂಶವನ್ನೇ ಬರೆಯಬೇಕಾಯಿತು. ಜೊತೆಗೆ ನಗರದ ಹೆಸರಿನ ಡಿಸ್ಟ್ರೋ ಒಂದನ್ನು, ಮೊದಲು ಡೆಬಿಯನ್ ಮೇಲೆ, ಆಮೇಲೆ ಉಬುಂಟು ಮೇಲೆ, ಕಟ್ಟಿ ಸಾಕಬೇಕಾಯಿತು.

ಊಡೆ ಅಧಿಕಾರದಲ್ಲಿದ್ದಷ್ಟು ಕಾಲ ಯೋಜನೆಗೆ ಮೇಲಿನವರ ಆಸರೆ ಇತ್ತು. 2014ರಲ್ಲಿ ಡೀಟರ್ ರೈಟರ್ ಮೇಯರ್ ಆದ ಮೇಲೆ, ಹೊರಗಿನ ಕಚೇರಿಗಳಿಂದ ಬರುವ ದಾಖಲೆಗಳು ಸರಿಯಾಗಿ ತೆರೆಯುವುದಿಲ್ಲ, ಮೊಬೈಲಿಗೆ ಮೇಲ್ ಮತ್ತು ಕ್ಯಾಲೆಂಡರ್ ಹೊಂದುವುದಿಲ್ಲ ಎಂಬ ದೂರುಗಳಿಗೆ ತೂಕ ಬಂತು. ಇದೇ ಸುಮಾರಿಗೆ, 2016ರಲ್ಲಿ, ಮೈಕ್ರೋಸಾಫ್ಟ್‌ನ ಜರ್ಮನಿಯ ಮುಖ್ಯ ಕಚೇರಿ ಹೊರವಲಯದಿಂದ ಮ್ಯೂನಿಕ್ ನಗರದೊಳಗೆ ಬಂದದ್ದನ್ನೂ ಟೀಕಾಕಾರರು ಎತ್ತಿ ತೋರಿಸಿದರು. 2017ರ ನವೆಂಬರ್‌ನಲ್ಲಿ ನಗರಸಭೆ ಸುಮಾರು 5 ಕೋಟಿ ಯೂರೋ ವೆಚ್ಚದಲ್ಲಿ ವಿಂಡೋಸ್ 10ಕ್ಕೆ ಮರಳಲು ತೀರ್ಮಾನಿಸಿತು. 2020ರಲ್ಲಿ ಬಂದ ಹೊಸ ಮೈತ್ರಿಯು ಸಾಧ್ಯವಿರುವಲ್ಲೆಲ್ಲ ಮುಕ್ತ ತಂತ್ರಾಂಶಕ್ಕೇ (ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶಕ್ಕೇ) ಆದ್ಯತೆ ಎಂದು ಮತ್ತೆ ಒಪ್ಪಂದ ಮಾಡಿಕೊಂಡಿತು. ಹೋಗಿ ಬಂದು ಮತ್ತೆ ಹೊರಡುವ ಈ ಖರ್ಚು ಯಾವ ಉಳಿತಾಯದ ಕೋಷ್ಟಕದಲ್ಲೂ ಕಾಣಿಸುವುದಿಲ್ಲ.

ಜಾಂದಾರ್ಮರಿಯವರು ಇದೇ ಪ್ರಯಾಣವನ್ನು ಸದ್ದಿಲ್ಲದೆ ಮಾಡಿದರು. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್ ಆಫೀಸ್ ಹಾಕಿದರು. 2006ರಲ್ಲಿ ಫೈರ್‌ಫಾಕ್ಸ್, ಥಂಡರ್‌ಬರ್ಡ್ ಬಂದವು. ಮೂರು ವರ್ಷ ಜನರ ಕೈ ಇವುಗಳಿಗೆ ಒಗ್ಗಿದ ಮೇಲೆ, 2008ರಿಂದ ಉಬುಂಟು ಆಧರಿಸಿದ ಜಾಂದ್‌ಬುಂಟು ಮೇಜುಗಳಿಗೆ ಬರತೊಡಗಿತು. ಅಷ್ಟು ಹೊತ್ತಿಗೆ ದಿನವಿಡೀ ಬಳಸುವ ತಂತ್ರಾಂಶಗಳೆಲ್ಲ ಅವೇ ಆಗಿದ್ದರಿಂದ, ಬದಲಾದದ್ದು ಹಿನ್ನೆಲೆಯ ಚಿತ್ರ ಮತ್ತು ಒಂದಿಷ್ಟು ಐಕಾನ್‌ಗಳು ಮಾತ್ರ. 2024ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಪೈಕಿ ಶೇ. 97ರಷ್ಟು ಜಾಂದ್‌ಬುಂಟುವಿನಲ್ಲಿದ್ದವು. ಒಂದೇ ಆಜ್ಞಾ ಸರಣಿಯ ಪಡೆ, ಮೇಲಿನವರು ಹೇಳಿದ್ದು ಕೆಳಗೆ ನಡೆಯುತ್ತದೆ ಎಂಬ ಅನುಕೂಲ ಅವರಿಗಿತ್ತೆನ್ನುವುದು ನಿಜ. ಆದರೆ ಕ್ರಮವೂ ಅಷ್ಟೇ ಕೆಲಸ ಮಾಡಿತೆಂಬುದು ನನ್ನ ಅಂದಾಜು. ಅವರು ಎರಡನೆಯ ದಾರಿಯಿಂದ ನಡೆದು ಐದನೆಯದಕ್ಕೆ ಬಂದರು; ಮ್ಯೂನಿಕ್ ಎರಡನ್ನೂ ಒಟ್ಟೊಟ್ಟಿಗೆ ಎತ್ತಿಕೊಂಡಿತು.

ಜರ್ಮನಿಯದೇ ಒಂದು ರಾಜ್ಯ, ಶ್ಲೆಸ್ವಿಗ್-ಹೋಲ್‌ಸ್ಟೈನ್, ಈ ಪಾಠವನ್ನು ಓದಿಕೊಂಡಂತೆ ಕಾಣುತ್ತದೆ. 2024ರ ಏಪ್ರಿಲ್‌ನಲ್ಲಿ ಅದು ಸುಮಾರು 30,000 ಕಂಪ್ಯೂಟರುಗಳಿಗೆ ಲಿಬ್ರೆ ಆಫೀಸ್ ತರುವ ತೀರ್ಮಾನವನ್ನು ಪ್ರಕಟಿಸಿತು. 2025ರ ಅಕ್ಟೋಬರ್ ಹೊತ್ತಿಗೆ 40,000ಕ್ಕೂ ಹೆಚ್ಚು ಇಮೇಲ್ ಪೆಟ್ಟಿಗೆಗಳನ್ನು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್‌ನಿಂದ ಓಪನ್-ಎಕ್ಸ್‌ಚೇಂಜ್ ಎಂಬ ಮುಕ್ತ ಮೇಲ್ ವ್ಯವಸ್ಥೆಗೆ ಸಾಗಿಸಿ ಮುಗಿಸಿತು. ವಿಂಡೋಸನ್ನು ತೆಗೆಯುವುದು ಅವರ ಪಟ್ಟಿಯಲ್ಲಿ ಇವೆರಡರ ನಂತರ ಬರುತ್ತದೆ.

ಇನ್ನು ವಿಯೆನ್ನಾದ ಕಥೆ ಚಿಕ್ಕದು. 2005ರಲ್ಲಿ ವೀನಕ್ಸ್ ಎಂಬ ಡಿಸ್ಟ್ರೋ ಮಾಡಿ ನೌಕರರ ಇಷ್ಟಕ್ಕೆ ಬಿಟ್ಟರು. ಮಕ್ಕಳ ಭಾಷಾ ಪರೀಕ್ಷೆಯ ಒಂದು ತಂತ್ರಾಂಶ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಡುತ್ತಿತ್ತೆಂಬ ಕಾರಣಕ್ಕೆ ಶಿಶುವಿಹಾರಗಳ ಕಂಪ್ಯೂಟರುಗಳು ವಿಂಡೋಸ್‌ಗೆ ಮರಳಿದವು.

ಇರುವಲ್ಲೇ ಇದ್ದರೆ

ಮೊದಲನೆಯ ದಾರಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆಲವು ಕಚೇರಿಗಳಿಗೆ ಅದೇ ಸರಿ. ಆದರೆ ಅದರ ಬೆಲೆ ಗೊತ್ತಿರಬೇಕು. ವಿಂಡೋಸ್ 10ರ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳಿಗೆ ಸಂಸ್ಥೆಗಳಿಗೆ ನಿಗದಿಯಾದ ಪಟ್ಟಿ ದರ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ 122, ಮೂರನೆಯ ವರ್ಷ 244. ನಾನೂರು ಕಂಪ್ಯೂಟರುಗಳಿರುವ ಕಚೇರಿ ಮೂರು ವರ್ಷವೂ ಕಟ್ಟಿದರೆ 1,70,800 ಡಾಲರ್ ಆಗುತ್ತದೆ. ಇಷ್ಟು ಕೊಟ್ಟೂ ನಾಲ್ಕನೆಯ ವರ್ಷ ಅವೇ ಹಳೆಯ ಯಂತ್ರಗಳೊಂದಿಗೆ ಅದೇ ಪ್ರಶ್ನೆಯ ಮುಂದೆ ನಿಂತಿರುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇದೇ ಸೇವೆ 1, 2, 4 ಡಾಲರ್‌ಗೆ ಸಿಗುತ್ತದೆ. ಆದ್ದರಿಂದ ವಿಶ್ವವಿದ್ಯಾಲಯವೊಂದು ಅವಸರದಲ್ಲಿ ಲಿನಕ್ಸ್‌ಗೆ ಹಾರುವ ಬದಲು ಮೂರು ವರ್ಷ ಕಾಲಾವಕಾಶವನ್ನು ಕೊಂಡು, ಆ ಅವಧಿಯಲ್ಲಿ ಎರಡನೆಯ ದಾರಿಯನ್ನು ನಿಧಾನವಾಗಿ ಮುಗಿಸುವುದು ಜಾಣತನ.

ಎಂಜಿನಿಯರುಗಳು ಆಟೊಕ್ಯಾಡ್‌ನಲ್ಲಿ, ಲೆಕ್ಕ ಶಾಖೆಯವರು ಟ್ಯಾಲಿಯಲ್ಲಿ ದಿನವಿಡೀ ಕೂರುವ ಕಡೆಯೂ ಆ ಮೇಜುಗಳನ್ನು ಮುಟ್ಟದಿರುವುದೇ ಲೇಸು. ನೂರಕ್ಕೆ ನೂರು ಬದಲಾಗಬೇಕೆಂದು ಹಟ ಹಿಡಿಯುವವರು ಕೊನೆಯ ಹತ್ತು ಯಂತ್ರಗಳಿಗಾಗಿ ಮೊದಲ ತೊಂಬತ್ತನ್ನು ಕಳೆದುಕೊಳ್ಳುತ್ತಾರೆ. ಅಷ್ಟು ದೊಡ್ಡ ಜಾಂದಾರ್ಮರಿಯಲ್ಲೂ ಶೇ. 3ರಷ್ಟು ಹೊರಗೇ ಉಳಿದಿದೆಯಲ್ಲ.

ಕನ್ನಡದ ಕಡತ

ಯೂರೋಪಿನ ವರದಿಗಳಲ್ಲಿ ಸಿಗದ, ನಮ್ಮ ಕಚೇರಿಗಳಿಗೆ ಮಾತ್ರ ಸೇರಿದ ಒಂದು ತೊಡಕಿದೆ, ಮತ್ತು ನನ್ನ ಅನುಭವದಲ್ಲಿ ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ತಿನ್ನುವುದು ಅದೇ.

ಒಂದು ತಾಲೂಕು ಮಟ್ಟದ ಕಚೇರಿಯಲ್ಲಿ ಎರಡು ಕಂಪ್ಯೂಟರುಗಳಿಗೆ ಪ್ರಯೋಗಕ್ಕೆಂದು ಉಬುಂಟು ಹಾಕಿಕೊಟ್ಟಿದ್ದೆ. ಮಾರನೆಯ ದಿನ ಹತ್ತೂವರೆಗೇ ಫೋನ್ ಬಂತು. "ಸಾರ್, ಕನ್ನಡವೇ ಹೋಗಿಬಿಟ್ಟಿದೆ ಸಾರ್, ಏನೇನೋ ಇಂಗ್ಲಿಷ್ ಥರ ಬರ್ತಿದೆ" ಎಂದರು ಅಲ್ಲಿನ ಪ್ರಥಮ ದರ್ಜೆ ಸಹಾಯಕಿ. ಹೋಗಿ ನೋಡಿದರೆ ಹಿಂದಿನ ವರ್ಷದ ಸಭಾ ನಡಾವಳಿಯ ಫೈಲು ತೆರೆದಿತ್ತು. ಪುಟದ ತುಂಬ ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳು, ನಡುನಡುವೆ ಸರಿಯಾಗಿಯೇ ಕಾಣುವ ಅಂಕಿಗಳು. ಕನ್ನಡ ಹೋಗಿರಲಿಲ್ಲ, ಅದು ಅಲ್ಲಿ ಎಂದೂ ಇರಲೇ ಇಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದಾಗ ಫೈಲಿನೊಳಗೆ ಕೂರುವುದು ರೋಮನ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಚೂರುಗಳ ಚಿತ್ರ ಅಂಟಿಸುವುದು ಫಾಂಟಿನ ಕೆಲಸ. ಫಾಂಟಿಲ್ಲದ ಯಂತ್ರದಲ್ಲಿ ಆ ಮುಖವಾಡ ಕಳಚಿ ಬೀಳುತ್ತದೆ.

ಆ ಫಾಂಟ್ ಫೈಲನ್ನು ಲಿನಕ್ಸ್‌ಗೂ ಹಾಕಿಬಿಟ್ಟರೆ ಅಕ್ಷರಗಳು ಮತ್ತೆ ಕಾಣುತ್ತವೆ, ತುರ್ತಿಗೆ ಅಷ್ಟು ಸಾಕು. ಆದರೆ ಅದರಲ್ಲಿ ಹೆಸರು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಬೇರೆ ಕಚೇರಿಗೆ ಕಳಿಸಿದರೆ ಅಲ್ಲಿ ತೆರೆಯುವ ಭರವಸೆ ಇಲ್ಲ. ಕರ್ನಾಟಕ ಸರ್ಕಾರ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅದಕ್ಕೆ ಹಿಂದಿನವೂ, ಅಭ್ಯಾಸಬಲದಿಂದ ಆಮೇಲೆ ಬರೆದವೂ ಸೇರಿ ಹಳೆಯ ಸಂಕೇತದ ಫೈಲುಗಳು ಕಚೇರಿಗಳಲ್ಲಿ ರಾಶಿ ಬಿದ್ದಿವೆ. ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಬರೀ ಕನ್ನಡವಿರುವ ಪುಟವನ್ನು ಬಹುಮಟ್ಟಿಗೆ ಚೆನ್ನಾಗಿಯೇ ತಿರುಗಿಸುತ್ತವೆ. ಪೆಟ್ಟು ಬೀಳುವುದು ಎರಡು ಕಡೆ. ಅರ್ಕಾವತ್ತು ಹಳೆಯ ಸಂಕೇತದಲ್ಲಿ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮುಂದೆ ಬರಬೇಕು. ಒತ್ತಕ್ಷರವೂ ಜೊತೆಗಿದ್ದರೆ ಪರಿವರ್ತಕ ಎಡವಬಹುದು, ಮತ್ತು 'ಕಾರ್ಯದರ್ಶಿ', 'ನಿರ್ದೇಶಕರು' ಇಲ್ಲದ ಸರ್ಕಾರಿ ಪತ್ರ ಯಾವುದಿದೆ? ಎರಡನೆಯದು ಇದಕ್ಕಿಂತ ಕೆಟ್ಟದ್ದು. ಅದೇ ಪುಟದಲ್ಲಿ ಇಂಗ್ಲಿಷ್ ಪದಗಳಿದ್ದರೆ ಅವುಗಳ ಸಂಕೇತವೂ ಕನ್ನಡದ ಚೂರುಗಳ ಸಂಕೇತವೂ ಒಂದೇ ಆದ್ದರಿಂದ, ಫಾಂಟಿನ ಗುರುತು ಕಳೆದು ಬರೀ ಪಠ್ಯವನ್ನು ಪರಿವರ್ತಕಕ್ಕೆ ಅಂಟಿಸಿದಾಗ ಕಂಪನಿಯ ಹೆಸರುಗಳು, ಸರ್ವೆ ನಂಬರಿನ ಜೊತೆಯ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಆದ್ದರಿಂದ ಎಲ್ಲವನ್ನೂ ತಿರುಗಿಸಲು ಹೋಗಬಾರದು. ಮತ್ತೆ ತಿದ್ದಬೇಕಾದ ಮಾದರಿಗಳನ್ನು ಮಾತ್ರ ತಿರುಗಿಸಿ, ಮುಗಿದ ಕಡತಗಳನ್ನು ವಿಂಡೋಸ್ ಇರುವಾಗಲೇ ಪಿಡಿಎಫ್ ಮಾಡಿಡುವುದು ಉತ್ತಮ.

ಕೀಲಿಮಣೆಯ ಮಟ್ಟಿಗೆ ಹೆದರುವಂಥದ್ದು ಏನೂ ಇಲ್ಲ. ನುಡಿಯಲ್ಲಿ ಕೈ ಕುದುರಿದವರಿಗೆ ಅದೇ ಕೆಜಿಪಿ ಕೀಲಿ ವಿನ್ಯಾಸ ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಎಂ17ಎನ್ ಎಂಬ ಭಾಷಾ ಸಂಗ್ರಹ ಸೇರಿಸಿಕೊಂಡರೆ ಸಿಗುತ್ತದೆ, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಮೊದಲೇ ಇರುತ್ತದೆ. ಆದರೂ ಆ ಸಹಾಯಕಿಯವರು ಎರಡನೆಯ ಸಲ ಕರೆದರು. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಗಲು ಸ್ಕ್ರಾಲ್ ಲಾಕ್ ಒತ್ತುವುದು ಅವರ ಬೆರಳಿಗೆ ಹದಿನೈದು ವರ್ಷದ ರೂಢಿ; ಇಲ್ಲಿ ಅದನ್ನು ಎಷ್ಟು ಒತ್ತಿದರೂ ಏನೂ ಆಗುತ್ತಿರಲಿಲ್ಲ. ಸೆಟ್ಟಿಂಗಿನಲ್ಲಿ ಆ ಕೀಲಿಯನ್ನೇ ಭಾಷೆ ಬದಲಿಸಲು ಹೊಂದಿಸಿಕೊಟ್ಟ ಮೇಲೆ ಮೂರನೆಯ ಕರೆ ಬರಲಿಲ್ಲ. ವಿಂಡೋಸ್‌ನ ತುಂಗಾ ಫಾಂಟಿನಲ್ಲಿ ಬರೆದ ಪತ್ರ ಲಿನಕ್ಸ್‌ನಲ್ಲಿ ಲೋಹಿತ್ ಅಥವಾ ನೋಟೋ ಕನ್ನಡದಲ್ಲಿ ತೆರೆದಾಗ ಸಾಲುಗಳ ಅಳತೆ ಬದಲಾಗಿ ಒಂದು ಪುಟದ ಆದೇಶ ಒಂದೂಕಾಲು ಪುಟವಾಗುತ್ತದೆ ಎಂಬುದನ್ನೂ ಮೊದಲೇ ಹೇಳಿಟ್ಟರೆ ಒಳ್ಳೆಯದು. ಇಡೀ ಕಚೇರಿಗೆ ಒಂದೇ ಮುಕ್ತ ಫಾಂಟನ್ನು ನಿಗದಿ ಮಾಡಿ, ವಿಂಡೋಸ್ ಯಂತ್ರಗಳಿಗೂ ಅದನ್ನೇ ಹಾಕಿದರೆ ಈ ಜಗಳವೇ ಇರುವುದಿಲ್ಲ.

ಸಹಿ, ಬೆರಳಚ್ಚು, ಪ್ರಿಂಟರ್

ತಂತ್ರಾಂಶಗಳ ಪಟ್ಟಿ ಮಾಡುವವರು ಯುಎಸ್‌ಬಿ ಕಿಂಡಿಯನ್ನು ಮರೆಯುತ್ತಾರೆ. ಅಧಿಕಾರಿಗಳ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್‌ಗಳಲ್ಲಿ (ಯುಎಸ್‌ಬಿಗೆ ಸಿಕ್ಕಿಸುವ ಸಹಿ ಸಾಧನಗಳಲ್ಲಿ) ಕೆಲವಕ್ಕೆ ಲಿನಕ್ಸ್ ಡ್ರೈವರ್, ಅಂದರೆ ಸಾಧನವನ್ನು ಓಡಿಸುವ ತಂತ್ರಾಂಶ, ಇದೆ. ಆದರೆ ಟೋಕನ್ ಲಿನಕ್ಸ್‌ನಲ್ಲಿ ಗುರುತಾದ ಮಾತ್ರಕ್ಕೆ ಪೋರ್ಟಲ್‌ನಲ್ಲಿ ಸಹಿ ಬೀಳುತ್ತದೆಂದಲ್ಲ, ಬ್ರೌಸರಿಗೂ ಟೋಕನ್ನಿಗೂ ನಡುವೆ ಕೂರುವ ಸಹಿ ತಂತ್ರಾಂಶವೂ ಲಿನಕ್ಸ್‌ಗೆ ಇರಬೇಕು. ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಆಧಾರ್ ದೃಢೀಕರಣದ ಬೆರಳಚ್ಚು ಸಾಧನವಿದ್ದರೆ ಅದರ ತಯಾರಕರ ತಂತ್ರಾಂಶ ವಿಂಡೋಸ್, ಆಂಡ್ರಾಯ್ಡ್‌ಗಳಿಗೆ ಮಾತ್ರವೇ ಇದೆಯೇ ಎಂದು ಕೇಳಿ ತಿಳಿಯಬೇಕು. ಪ್ರಿಂಟರುಗಳಲ್ಲಿ ನೆಟ್‌ವರ್ಕ್ ಪ್ರಿಂಟರುಗಳು ಬಹುಮಟ್ಟಿಗೆ ಹಾಕಿದ ಕೂಡಲೇ ಓಡುತ್ತವೆ. ಅಗ್ಗದ ಒಂಟಿ ಲೇಸರ್ ಪ್ರಿಂಟರುಗಳಲ್ಲಿ ಕಂಪನಿಯ ಸ್ವಂತ ಮುಚ್ಚಿದ ಭಾಷೆಯಲ್ಲಿ ಮಾತಾಡುವವು ಇವೆ, ಅವು ಸತಾಯಿಸುತ್ತವೆ. ಮುಂದಿನ ಪ್ರಿಂಟರ್ ಟೆಂಡರಿನಲ್ಲಿ 'ಲಿನಕ್ಸ್ ಡ್ರೈವರ್ ಇರತಕ್ಕದ್ದು' ಎಂಬ ಒಂದು ಸಾಲನ್ನು ಇವತ್ತೇ ಸೇರಿಸಿದರೆ, ಲಿನಕ್ಸ್‌ಗೆ ಹೋಗಲಿ ಬಿಡಲಿ, ನಷ್ಟವಂತೂ ಇಲ್ಲ.

ಸಿದ್ಧ ಡಿಸ್ಟ್ರೋ, ಬೆಂಬಲದ ಡಿಸ್ಟ್ರೋ, ಸ್ವಂತ ಡಿಸ್ಟ್ರೋ

ಕೇರಳದ ಶಾಲೆಗಳನ್ನು ಇಲ್ಲಿ ಹೆಸರಿಸಲೇಬೇಕು. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು, 2017ರಲ್ಲಿ ಕೈಟ್ ಎಂಬ ಕಂಪನಿಯಾಯಿತು, ಈಗ ಉಬುಂಟು ಆಧರಿಸಿದ ತನ್ನದೇ ಆವೃತ್ತಿಯನ್ನು 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಒದಗಿಸುತ್ತಿದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠವನ್ನು ಕಲಿಯುವುದೂ ಇದರಲ್ಲೇ. ಇದು ಗೆದ್ದದ್ದು ಡಿಸ್ಟ್ರೋ ಚೆನ್ನಾಗಿದ್ದರಿಂದಲ್ಲ. ಪಠ್ಯಪುಸ್ತಕ, ಶಿಕ್ಷಕರ ತರಬೇತಿ, ಪ್ರಾಯೋಗಿಕ ಪರೀಕ್ಷೆ ಮೂರೂ ಅದೇ ತಂತ್ರಾಂಶದ ಮೇಲೆ ನಿಂತಿದ್ದರಿಂದ. ಕೈಟ್ ಹೇಳುವ 3,000 ಕೋಟಿ ರೂಪಾಯಿ ಉಳಿತಾಯದ ಅಂಕಿಯನ್ನು ಮಾತ್ರ ನನ್ನ ಟಿಪ್ಪಣಿಯಲ್ಲಿ ನಾನು ಹಾಕುವುದಿಲ್ಲ. 2 ಲಕ್ಷ ಯಂತ್ರಗಳಿಗೆ ಹಂಚಿದರೆ ಒಂದಕ್ಕೆ ಒಂದೂವರೆ ಲಕ್ಷ ರೂಪಾಯಿ. ಅಷ್ಟು ಕೊಟ್ಟು ಲೈಸೆನ್ಸ್ ಕೊಳ್ಳುವ ಸರ್ಕಾರಿ ಶಾಲೆಯನ್ನು ಯಾರು ಕಂಡಿದ್ದಾರೆ? ಖರ್ಚೇ ಆಗದಿದ್ದ ಹಣವನ್ನು ಉಳಿತಾಯವೆಂದು ಬರೆದರೆ ಹಣಕಾಸು ಇಲಾಖೆಯವರು ಮೊದಲ ಪ್ರಶ್ನೆಗೇ ಹಿಡಿಯುತ್ತಾರೆ.

ಸ್ವಂತ ಡಿಸ್ಟ್ರೋಗಳ ಸಾಲಿನಲ್ಲಿ ಭಾರತದ್ದೇ ಬಾಸ್ ಇದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಚೆನ್ನೈಯಲ್ಲಿ ಡೆಬಿಯನ್ ಮೇಲೆ ಕಟ್ಟಿ 2007ರಲ್ಲಿ ಮೊದಲ ಆವೃತ್ತಿ ಹೊರತಂದದ್ದು. ರಕ್ಷಣಾ ಸಚಿವಾಲಯವು ಉಬುಂಟು ಆಧಾರದ ಮಾಯಾ ಎಂಬುದನ್ನು ತನ್ನ ಕಂಪ್ಯೂಟರುಗಳಿಗೆ ತರುತ್ತಿರುವ ಸುದ್ದಿ 2023ರಲ್ಲಿ ಬಂತು. ರಕ್ಷಣೆಯಂಥ ಕಡೆ, ಒಳಗಿನ ಪ್ರತಿಯೊಂದು ಪ್ಯಾಕೇಜನ್ನೂ ತಾವೇ ತೂಗಿ ನೋಡಬೇಕೆಂಬ ಕಾರಣಕ್ಕೆ, ಇದು ಅರ್ಥವಾಗುತ್ತದೆ. ಕೈಟ್‌ನಂತೆ ಲಕ್ಷಗಟ್ಟಲೆ ಒಂದೇ ಬಗೆಯ ಯಂತ್ರಗಳಿರುವ ಕಡೆಯೂ ಅರ್ಥವಾಗುತ್ತದೆ. ಐನೂರು ಕಂಪ್ಯೂಟರುಗಳ ಇಲಾಖೆ ತನ್ನ ಲಾಂಛನದ ಡಿಸ್ಟ್ರೋ ಮಾಡಹೊರಟರೆ ಅದು ಉದ್ಘಾಟನೆಯ ದಿನದ ಫೋಟೋಗೆ ಸರಿ. ಆಮೇಲೆ ಪ್ರತಿ ವಾರ ಬರುವ ಭದ್ರತಾ ತಿದ್ದುಪಡಿಗಳನ್ನು ಹೊಂದಿಸಲು ಇಬ್ಬರಾದರೂ ಕಾಯಂ ಇರಬೇಕು. ಅವರ ವರ್ಗಾವಣೆಯಾದ ದಿನ ಡಿಸ್ಟ್ರೋ ಅನಾಥವಾಗುತ್ತದೆ.

ಸಿದ್ಧ ಡಿಸ್ಟ್ರೋದಲ್ಲಿ ಆ ಹೊರೆ ಬೇರೆಯವರದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಉಚಿತ ತಿದ್ದುಪಡಿ ಸಿಗುತ್ತದೆ, ಹಣ ಕೊಟ್ಟರೆ ಇನ್ನೂ ಮುಂದಕ್ಕೆ. ಡೆಬಿಯನ್‌ನಲ್ಲೂ ದೀರ್ಘಾವಧಿ ಬೆಂಬಲ ಸೇರಿಸಿ ಐದು ವರ್ಷ. ಆದರೆ ಇಲ್ಲಿಯೂ ಕೈ ಸುಟ್ಟುಕೊಂಡವರಿದ್ದಾರೆ. ರೆಡ್ ಹ್ಯಾಟ್‌ನ ಉಚಿತ ಜೋಡಿಯಾಗಿದ್ದ ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಬೆಂಬಲವಿದೆಯೆಂದು ನಂಬಿ ಹಾಕಿಕೊಂಡಿದ್ದವರಿಗೆ, 2021ರ ಕೊನೆಗೇ ಅದು ಮುಗಿಯುತ್ತದೆಂದು 2020ರ ಡಿಸೆಂಬರ್‌ನಲ್ಲಿ ತಿಳಿಯಿತು. ಕೋಡ್ ಮುಕ್ತವಾಗಿದ್ದರಿಂದ ಆಲ್ಮಾ, ರಾಕಿ ಎಂಬ ಬದಲಿಗಳು ಕೆಲವೇ ತಿಂಗಳಲ್ಲಿ ಹುಟ್ಟಿಕೊಂಡವು, ಅದೊಂದು ಸಮಾಧಾನ. ಒಂದೇ ಕಂಪನಿಯ ಹಿಡಿತದಲ್ಲಿರುವ ಉಚಿತ ವಸ್ತುವಿಗಿಂತ ಸಮುದಾಯವೇ ನಡೆಸುವ ಡೆಬಿಯನ್ ನನಗೆ ಹೆಚ್ಚು ಭರವಸೆ ಕೊಡುತ್ತದೆ.

ನಾಲ್ಕನೆಯ ದಾರಿ, ಅಂದರೆ ಕಂಪನಿಯ ಬೆಂಬಲದ ಲಿನಕ್ಸ್, ತಮಿಳುನಾಡು ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಎಲ್ಕಾಟ್ 2007ರ ಸುಮಾರಿಗೆ ಸೂಸೆಯನ್ನು ಆರಿಸಿಕೊಂಡಾಗ ದೊಡ್ಡ ಸುದ್ದಿಯಾಗಿತ್ತು. ಇದರ ಗುಣವೆಂದರೆ ಸರ್ಕಾರಿ ವ್ಯವಸ್ಥೆಗೆ ಬೇಕಾದ ಒಂದು ಹೆಸರು, ಒಂದು ಒಪ್ಪಂದ, ದೂರಿಗೆ ಒಂದು ವಿಳಾಸ ಸಿಗುತ್ತದೆ. ವಾರ್ಷಿಕ ನಿರ್ವಹಣೆಯ ಬಾಬ್ತಿನಲ್ಲಿ ಖರ್ಚು ತೋರಿಸುವುದೂ ಸುಲಭ. ಮುಕ್ತ ತಂತ್ರಾಂಶ ಪುಕ್ಕಟೆಯೆಂದು ಹೇಳಿ ಆಯವ್ಯಯದಲ್ಲಿ ಸೊನ್ನೆ ಬರೆಸಿಕೊಂಡ ಕಚೇರಿಗಿಂತ, ಲೈಸೆನ್ಸಿಗೆ ಕೊಡುತ್ತಿದ್ದ ಹಣದ ಅರ್ಧವನ್ನು ಬೆಂಬಲಕ್ಕೂ ತರಬೇತಿಗೂ ಎತ್ತಿಟ್ಟ ಕಚೇರಿ ಹೆಚ್ಚು ಕಾಲ ಲಿನಕ್ಸ್‌ನಲ್ಲಿ ಉಳಿಯುತ್ತದೆಂಬುದು ನನ್ನ ಅಭಿಪ್ರಾಯ. ಭಾರತ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿಯೂ ಟೆಂಡರುಗಳಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸಲೇಬೇಕು, ಅದನ್ನು ಬಿಟ್ಟರೆ ಕಾರಣ ಕೊಡಬೇಕು ಎನ್ನುತ್ತದೆ; ಟಿಪ್ಪಣಿ ಬರೆಯುವವರಿಗೆ ಇದು ಒಳ್ಳೆಯ ಆಧಾರ.

ಸ್ವದೇಶಿ ಎಂಬುದು ಬೇರೆ ಪ್ರಶ್ನೆ

2025ರ ಜುಲೈಯಲ್ಲಿ ಯೂರೋಪಿನ ನಿರ್ಬಂಧಗಳ ಹಿನ್ನೆಲೆಯಲ್ಲಿ ನಯಾರಾ ಎನರ್ಜಿ ಎಂಬ ಭಾರತದ ತೈಲ ಕಂಪನಿಯ ಮೈಕ್ರೋಸಾಫ್ಟ್ ಸೇವೆಗಳು ಕೆಲವು ದಿನ ನಿಂತವು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಮರಳಿ ಬಂದವು. ಅಂದಿನಿಂದ ಹೊರದೇಶದವರು ಒಂದು ಗುಂಡಿ ಒತ್ತಿ ಸೇವೆ ನಿಲ್ಲಿಸಿಯಾರು ಎಂಬ ಭಯ ಲಿನಕ್ಸ್ ಪರವಾದ ವಾದಗಳಲ್ಲಿ ಮೊದಲ ಸ್ಥಾನಕ್ಕೆ ಬಂದಿದೆ. ಭಯ ನ್ಯಾಯವಾದದ್ದೇ, ಆದರೆ ಅಲ್ಲಿ ಎರಡು ಸಂಗತಿಗಳು ಕಲಸಿಹೋಗುತ್ತವೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ಮೇಲ್ ಖಾತೆಗಳು ಭಾರತದ ಕಂಪನಿ ಜೋಹೋದ ವ್ಯವಸ್ಥೆಗೆ ಹೋದದ್ದು ಸ್ವದೇಶಿ ಆಯ್ಕೆ, ಮುಕ್ತ ತಂತ್ರಾಂಶದ ಆಯ್ಕೆಯಲ್ಲ. ಅದರ ಕೋಡ್ ಕಂಪನಿಯದೇ. ಇನ್ನೊಂದೆಡೆ ಡೆಬಿಯನ್ ಯಾವ ದೇಶದ್ದೂ ಅಲ್ಲ. ಗುಂಡಿ ಯಾರ ಕೈಯಲ್ಲಿದೆ ಎಂಬುದಷ್ಟೇ ಚಿಂತೆಯಾಗಿದ್ದರೆ ಸ್ವದೇಶಿ ಕಂಪನಿಯೂ ಒಂದು ಉತ್ತರ. ಗುಂಡಿಯೇ ಇರಬಾರದು ಎಂದಾದರೆ ಮಾತ್ರ ಮುಕ್ತ ತಂತ್ರಾಂಶ ಬೇಕು. ಮತ್ತು ನಿಂತದ್ದು ಮೇಲ್ ಮತ್ತು ಕ್ಲೌಡ್ ಸೇವೆಗಳು ಎಂಬುದನ್ನು ಗಮನಿಸಬೇಕು. ಮೇಜಿನ ಮೇಲೆ ಲಿನಕ್ಸ್ ಹಾಕಿ ಮೇಲ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟವರಿಗೆ ಆ ಭಯ ಹಾಗೆಯೇ ಇರುತ್ತದೆ.

ಯಾರಿಗೆ ಯಾವುದು

ಶಾಲೆಯ ಲ್ಯಾಬಿಗೆ ಸಂಶಯವೇ ಬೇಡ, ಸಿದ್ಧ ಡಿಸ್ಟ್ರೋ ಸಾಕು. 4 ಜಿಬಿ ರ‍್ಯಾಮಿನ ಹಳೆಯ ಯಂತ್ರವಾದರೆ ಎಕ್ಸ್‌ಎಫ್‌ಸಿಇಯಂಥ ಹಗುರ ಪರದೆ ವಿನ್ಯಾಸವಿರುವುದನ್ನು ಹಾಕಿ, ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂರಿಸಿ. (ನಿಜ ಹೇಳಬೇಕೆಂದರೆ 'ಲಿನಕ್ಸ್ ಹಾಕಿದ ಮೇಲೆ ಎಷ್ಟು ವೇಗ!' ಎಂಬ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ಆ ಎಸ್‌ಎಸ್‌ಡಿಗೆ ಸಲ್ಲಬೇಕು.) ಬ್ರೌಸರಿನಲ್ಲೇ ಕೆಲಸ ಮುಗಿಯುವ ಮಾಹಿತಿ ಕೇಂದ್ರ, ಗ್ರಂಥಾಲಯ, ಟಪಾಲು ಶಾಖೆಗಳಿಗೂ ಅದೇ. ನಗರಸಭೆ, ಜಿಲ್ಲಾ ಕಚೇರಿಗಳಂಥ ಕಡೆ, ಹಳೆಯ ಕನ್ನಡ ಫೈಲುಗಳೂ ಡಿಎಸ್‌ಸಿಯೂ ಸೇರಿಕೊಂಡಿರುವಲ್ಲಿ, ಎರಡನೆಯ ದಾರಿಯಲ್ಲಿ ಎರಡು ವರ್ಷ ನಡೆದು ಆಮೇಲೆ ಮೂರನೆಯದೋ ನಾಲ್ಕನೆಯದೋ ಎಂದು ನಿರ್ಧರಿಸುವುದು ಸರಿ. ಒಳಗೆ ತಿಳಿದವರಿದ್ದರೆ ಮೂರನೆಯದು, ಇಲ್ಲದಿದ್ದರೆ ನಾಲ್ಕನೆಯದು. ರಾಜ್ಯ ಮಟ್ಟದಲ್ಲಿ ಒಂದೇ ಕೈಯಲ್ಲಿ ಲಕ್ಷ ಯಂತ್ರಗಳಿದ್ದರೆ ಮಾತ್ರ ಐದನೆಯದರ ಮಾತು.

ಯಾವುದನ್ನೇ ಆರಿಸಿದರೂ ಪ್ರಯೋಗಕ್ಕೆ ಹತ್ತು ಯಂತ್ರಗಳನ್ನು ಎತ್ತಿಕೊಳ್ಳುವಾಗ ಆಸಕ್ತಿಯಿರುವವರ ಮೇಜುಗಳನ್ನಷ್ಟೇ ಆರಿಸಬೇಡಿ. ಬದಲಾವಣೆಯನ್ನು ಕಂಡರಾಗದ ಒಬ್ಬ ಹಿರಿಯ ಗುಮಾಸ್ತರೂ, ಲೆಕ್ಕ ಶಾಖೆಯ ಒಂದು ಮೇಜೂ, ಸಾಹೇಬರ ಆಪ್ತ ಸಹಾಯಕರದೂ ಅದರಲ್ಲಿರಲಿ. ಪ್ರಯೋಗದ ಅವಧಿಯೊಳಗೆ ಒಂದು ಮಾರ್ಚ್ ತಿಂಗಳು ಪೂರ್ತಿಯಾಗಿ ಬರುವಂತೆ ನೋಡಿಕೊಳ್ಳಿ. ಮಾರ್ಚ್ 31ರ ರಾತ್ರಿ ಎಂಟು ಗಂಟೆಗೆ ಬಿಲ್ಲುಗಳ ರಾಶಿಯ ಮುಂದೆ ಕೂತಾಗ ಟೋಕನ್ ಗುರುತಾಗಿ, ಸಹಿ ಬಿದ್ದು, ಪ್ರಿಂಟ್ ಹೊರಬಂದರೆ ಉಳಿದ ಯಂತ್ರಗಳಿಗೆ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಬಹುದು.